ಉಬಾಲ್ದೊನ ಸ್ಟೂಲು ಮತ್ತು ಉಪ್ಪುನೀರಿನ ತೊಟ್ಟಿ

ಉಬಾಲ್ದೊ ತನ್ನ ಸ್ಟೂಲನ್ನು ನಮ್ಮ ಜಗಲಿಯಿಂದ ಎತ್ತಿಕೊಂಡು ಹೋದ ದಿನ ನನಗೆ ಅನ್ನ ಸೇರಲಿಲ್ಲ. ಮೇಕೆ ಚರ್ಮ ಬಿಗಿದ ಆ ಗಿಡ್ಡ ಸ್ಟೂಲು ಮೂವತ್ತು ವರ್ಷ ನಮ್ಮ ಡೊಮಿನೊ ಮೇಜಿನ ಆಚೆ ಬದಿಯಲ್ಲಿತ್ತು. ಈಚೆ ಬದಿಗೆ ನಾನು, ಎರಾಸ್ಮೊ. ಕೊಲ್ಲಿಯ ದಡದ ನಮ್ಮ ರೆಗ್ಲಾ ಊರಿನ ಈ ಏರುಬೀದಿಯಲ್ಲಿ ಎರಾಸ್ಮೊ ಎಂದರೆ ಉಬಾಲ್ದೊನ ಜೋಡಿ, ಉಬಾಲ್ದೊ ಎಂದರೆ ಎರಾಸ್ಮೊನ ಜೋಡಿ. ನಮ್ಮಿಬ್ಬರನ್ನು ಸೋಲಿಸಿದವರು ವಾರವಿಡೀ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು. ಅಂಥ ಸ್ಟೂಲು ಹೋಗಿ ಸೆವೆರೀನೊ ಮೇಷ್ಟ್ರ ಮನೆ ಸೇರಿತ್ತು. ಅದೂ ಮೀನು ನೋಡುವುದಕ್ಕೆ.

ಹಿಂದಿನ ದಿನ ಆಟದಲ್ಲಿ ನನ್ನ ಡಬಲ್ ಒಂಬತ್ತರ ಕಾಯಿ ಕೈಯಲ್ಲೇ ಕೊಳೆಯುವ ಹಾಗೆ ಉಬಾಲ್ದೊ ತನ್ನ ಕಾಯಿ ಹಾಕಿದ್ದ. ನಾನು ನಾಲ್ಕು ಜನರ ಮುಂದೆ ಅವನನ್ನು ಕತ್ತೆ ಅಂದೆ. ಮೂವತ್ತು ವರ್ಷದಲ್ಲಿ ಎಷ್ಟು ಸಲ ಅಂದಿಲ್ಲ? ಅದಕ್ಕೂ ಸ್ಟೂಲಿಗೂ ಸಂಬಂಧವಿಲ್ಲ ಎಂದೇ ನನ್ನ ಲೆಕ್ಕ. ತಪ್ಪೆಲ್ಲ ಮೇಷ್ಟ್ರದ್ದು.

ಮೇಷ್ಟ್ರು ನಮ್ಮ ಬೀದಿಗೆ ಬಂದು ಇನ್ನೂ ವರ್ಷ ಆಗಿರಲಿಲ್ಲ. ದೇಶದ ಪೂರ್ವದ ಕಡೆಯವರು, ಮೆತ್ತಗೆ ಮಾತಾಡುವವರು. ಮೆತ್ತಗೆ ಮಾತಾಡುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಅವರ ನಡುಮನೆಯಲ್ಲಿ ಕಡಲ ನೀರು ತುಂಬಿದ ಗಾಜಿನ ತೊಟ್ಟಿ, ಅದರೊಳಗೆ ಪಟ್ಟೆಪಟ್ಟೆ ಮೀನು, ಕೆಂಪು ಗೆರೆಯ ಸಿಗಡಿ, ಕಲ್ಲಿಗೆ ಕಚ್ಚಿಕೊಂಡು ಹೂವಿನ ಹಾಗೆ ಅರಳುವ ಒಂದು ಜೀವ. ಒಂದು ಸಂಜೆ ಕರೆಂಟು ಹೋಗಿ ತೊಟ್ಟಿಗೆ ಗಾಳಿ ಊದುವ ಪಂಪು ನಿಂತಾಗ, ಉಬಾಲ್ದೊ ಲೋಟದಲ್ಲಿ ನೀರು ಮೊಗೆದು ಮೊಗೆದು ಮೇಲಿಂದ ಸುರಿಯುತ್ತಿದ್ದ, ಮೀನಿಗೆ ಉಸಿರು ಸಿಗಲಿ ಎಂದು. ನಮ್ಮ ಮನೆಯಲ್ಲಿ ಕುಡಿಯುವ ನೀರನ್ನೂ ತಾನಾಗಿ ಬಗ್ಗಿಸಿಕೊಂಡವನಲ್ಲ ಆಸಾಮಿ. ಎಲ್ಲವನ್ನೂ ನಾನು ನಮ್ಮ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ.

"ಗಂಡ ಬಿಟ್ಟು ಹೋದವಳ ಹಾಗೆ ಕಿಟಕೀಲಿ ನಿಂತ್ಕೋಬೇಡ, ಜನ ನಗ್ತಾರೆ," ಅಂದಳು ನನ್ನ ಹೆಂಡತಿ ಸೊರೈದಾ.

"ಗಾಳಿಗೆ ನಿಂತಿದೀನಿ."

"ದಿನಾ ಮೇಷ್ಟ್ರ ಮನೆ ಕಡೆಯಿಂದಾನೇ ಬೀಸುತ್ತಾ ಆ ಗಾಳಿ?"

ಅವತ್ತೇ ತೀರ್ಮಾನ ಮಾಡಿದೆ. ಅವನಿಗೆ ಮೀನು ತಾನೇ ಬೇಕು? ನಮ್ಮ ಮನೆಯಲ್ಲೇ ಇರಲಿ. ಜೀವಮಾನವೆಲ್ಲ ಕೊಲ್ಲಿ ದಾಟಿಸುವ ಲಾಂಚಿನ ಎಂಜಿನ್ ಜೊತೆ ಏಗಿದವನಿಗೆ ಒಂದು ತೊಟ್ಟಿ ಯಾವ ಲೆಕ್ಕ? ಮುಚ್ಚಿಹೋದ ಬೇಕರಿಯಿಂದ ಗಾಜು ತಂದೆ, ಅಂಚಿಗೆ ಅಂಟು ಹಚ್ಚಿದೆ, ಹಳೇ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಗಾಳಿಯ ಪಂಪು ಮಾಡಿದೆ. ನಮ್ಮ ಕೊಲ್ಲಿಯ ನೀರಿನಲ್ಲಿ ಎಣ್ಣೆ ತೇಲುತ್ತದೆ, ಹಾಗಾಗಿ ಪಕ್ಕದ ಬೀದಿಯವನ ಸೈಡ್‌ಕಾರ್ ಬೈಕಿನಲ್ಲಿ ತೆರೆದ ಕಡಲಿನ ಕೊಹೀಮಾರ್‌ಗೆ ಹೋಗಿ ಕ್ಯಾನುಗಟ್ಟಲೆ ನೀರು, ಮರಳು, ಕಲ್ಲು ಹೊತ್ತು ತಂದೆ.

ಕ್ಯಾನು ಇಳಿಸುವಾಗ ಮೇಷ್ಟ್ರು ಬಂದು ನಿಂತರು. "ಎರಾಸ್ಮೊ ಅವರೇ, ಒಂದು ತಿಂಗಳು ಬರೀ ನೀರು ಬಿಡಿ. ಒಂದು ಚೂರು ಸಿಗಡಿ ಮಾಂಸ ಹಾಕಿ ಕೊಳೆಯೋಕೆ ಬಿಡಿ. ಕಣ್ಣಿಗೆ ಕಾಣದ ಜೀವಗಳು ಅದನ್ನ ತಿಂದು ಮೊದಲು ನೆಲೆಯಾಗ್ಬೇಕು. ಮೀನು ಆಮೇಲೆ."

"ಆಗಲಿ ಮೇಷ್ಟ್ರೇ," ಅಂದೆ. ಮನಸ್ಸಿನಲ್ಲಿ, ಎಲಾ ಇವನ, ಅಂದುಕೊಂಡೆ. ಬರೀ ನೀರು ನೋಡುವುದಕ್ಕೆ ಯಾವನು ಬರುತ್ತಾನೆ? ತಿಂಗಳಿಡೀ ಸ್ಟೂಲು ತನ್ನ ಮನೆಯಲ್ಲೇ ಇರಲಿ ಎಂಬ ಹುನ್ನಾರ. ಮಾರನೆಯ ದಿನವೇ ಬಂಡೆ ಸಂದಿಗಳಲ್ಲಿ ಬಲೆ ಆಡಿಸಿ ಎರಡು ಪಟ್ಟೆ ಮೀನು, ಒಂದಿಷ್ಟು ಬಸವನಹುಳು ಹಿಡಿದು ತಂದೆ. ನನ್ನ ಒಳ್ಳೆಯ ಬೂಟು ಕೊಟ್ಟು ಒಬ್ಬ ಮುಳುಗುಗಾರನಿಂದ ಕೆಂಪು ಗೆರೆಯ ಸಿಗಡಿ ತಗೊಂಡೆ. ಮೇಷ್ಟ್ರದ್ದಕ್ಕಿಂತ ದೊಡ್ಡದು.

ಉಬಾಲ್ದೊ ಬಂದ. ಸ್ಟೂಲಿನ ಸಮೇತ ಬಂದ. ತೊಟ್ಟಿಯ ಮುಂದೆ ಕೂತು ಬಾಯಿ ಬಿಟ್ಟುಕೊಂಡು ನೋಡಿದ.

"ಇಷ್ಟೆಲ್ಲ ಕಡಲಿಂದ ತಂದಿದೀಯಲ್ಲ, ಯೆಮಯಾಗೆ ಕಾಣಿಕೆ ಹಾಕಿದ್ಯಾ?" ಅಂತ ಕೇಳಿದ. ಕಡಲ ತಾಯಿ ಯೆಮಯಾಗೆ ಏಳು ಕಪ್ಪು ಕಾಸು ಹಾಕದೆ ಕಡಲಿಂದ ಏನೂ ತರಬಾರದು ಎನ್ನುವವನು ಅವನು. ಅಜ್ಜಿಯರ ಕಾಲದ ಆ ಕಾಸು ಅಂಗಡಿಯಲ್ಲಿ ನಡೆಯುವುದಿಲ್ಲ, ದೇವರ ಹತ್ತಿರ ಮಾತ್ರ ನಡೆಯುತ್ತದೆ.

"ನಾಲ್ಕು ಕ್ಯಾನಿಗೆ ಕಡಲೇನು ಬತ್ತಿಹೋಯ್ತಾ?" ಅಂದೆ.

"ನೀನು ಯಾವಾಗಲೂ ಹೀಗೇ," ಅಂದ. ನಾನು ಕಾಫಿ ತರಲು ಒಳಗೆ ಹೋದೆ.

ಎಂಥ ಸುಖದ ದಿನಗಳು ಅವು. ಸ್ಟೂಲು ನಮ್ಮನೆಯಲ್ಲಿ, ಉಬಾಲ್ದೊ ನಮ್ಮನೆಯಲ್ಲಿ. ಮೇಷ್ಟ್ರು ಕೂಡ ಒಂದು ಸಲ ಬಂದು, ನೀರಲ್ಲಿ ಬೆರಳದ್ದಿ ನಾಲಿಗೆಗೆ ತಾಗಿಸಿ, ಉಪ್ಪು ಸರಿಯಿದೆ ಎಂದು ಹೇಳಿ ಹೋದರು. ಹೋಗುವಾಗ ಅವರ ಮುಖ ಸಪ್ಪಗಿದ್ದಂತೆ ನನಗೆ ಕಂಡಿತು. ಕಂಡು ಖುಷಿಯಾಯಿತು.

ಆಮೇಲೆ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿ ಬಿದ್ದವು. ಸಿಗಡಿ ಮಗ್ಗುಲಾಗಿ ಮಲಗಿತು, ಏಳಲಿಲ್ಲ. ಮೀನುಗಳು ಮಾತ್ರ ಏನೂ ಆಗದವರ ಹಾಗೆ ಓಡಾಡುತ್ತಿದ್ದವು. ಉಬಾಲ್ದೊ ಸತ್ತ ಸಿಗಡಿಯನ್ನು ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದ. ಮಾರನೆಯ ದಿನ ಅವನ ಸ್ಟೂಲು ಮತ್ತೆ ಮೇಷ್ಟ್ರ ಮನೆಯಲ್ಲಿತ್ತು.

ನನಗೆ ಎಲ್ಲ ಹೊಳೆಯಿತು. ಬೆರಳದ್ದಿದವರು ಯಾರು?

ಭಾನುವಾರ ನಮ್ಮ ಡೊಮಿನೊ ಮೇಜಿನ ಸುತ್ತ ಬೀದಿಯ ಜನ ಸೇರಿದ್ದಾಗ ಕೇಳಿಯೇಬಿಟ್ಟೆ. "ಮೇಷ್ಟ್ರೇ, ನಮ್ಮ ತೊಟ್ಟಿಗೆ ಏನು ಹಾಕಿದ್ರಿ?"

"ನಾನಾ?"

"ನಿಮ್ಮ ಬೆರಳಿಗೆ ಏನು ಹಚ್ಕೊಂಡಿದ್ರಿ ಅಂತ ಕೇಳ್ತಿದೀನಿ. ನನ್ನ ಸಿಗಡಿ ನಿಮ್ಮದಕ್ಕಿಂತ ದೊಡ್ಡದಿತ್ತು. ಅದನ್ನ ನೋಡಿ ಸಹಿಸೋಕಾಗಲಿಲ್ಲ ನಿಮಗೆ."

ಕುಂಬಳಕಾಯಿ ಕಳ್ಳ ಎಂದರೆ ಮೇಷ್ಟ್ರು ಹೆಗಲು ಮುಟ್ಟಿಕೊಳ್ಳಲಿಲ್ಲ. ಮುಟ್ಟಿಕೊಂಡವನು ಉಬಾಲ್ದೊ. ಕೂತಲ್ಲಿಂದ ಎದ್ದ, ಮತ್ತೆ ಕೂತ.

"ಅವರನ್ನ ಬೈಬೇಡ," ಅಂದ. "ಹಾಕಿದವನು ನಾನು."

"ಏನು ಹಾಕಿದೆ?"

"ಕಾಸು. ನೀನು ಕಾಫಿ ತರೋಕೆ ಹೋದಾಗ. ಏಳೂ ಮರಳೊಳಗೆ ಹೂತಿಟ್ಟೆ. ನೀನಂತೂ ಕೊಡಲ್ಲ. ಆಮೇಲೆ ಆ ತಾಯಿ ಮುನಿಸ್ಕೊಂಡು ನಿನ್ನ ಮೀನನ್ನ ಕೊಂಡೊಯ್ದರೆ ನೀನು ತಡ್ಕೋತೀಯಾ? ಅದಕ್ಕೇ ನಿನ್ನ ಹೆಸರಲ್ಲಿ ಕೊಟ್ಟೆ."

ಮೇಷ್ಟ್ರು ಮೆತ್ತಗೆ ಕೇಳಿದರು, "ಕಪ್ಪು ಕಾಸಾ? ತಾಮ್ರದ್ದು?" ಉಬಾಲ್ದೊ ಹೌದೆಂದು ತಲೆಯಾಡಿಸಿದ. "ಉಪ್ಪುನೀರಲ್ಲಿ ತಾಮ್ರ ಕರಗುತ್ತೆ. ಸಿಗಡಿಗೆ, ಹುಳುಗಳಿಗೆ ಅದು ವಿಷ. ಮೀನು ತಡ್ಕೊಳ್ತವೆ. ತಿಂಗಳು ಕಾಯದೆ ಅವಸರ ಮಾಡಿದ್ದಕ್ಕೆ ನೀರು ಕೆಟ್ಟಿದ್ದರೆ ಮೀನುಗಳೂ ಉಳೀತಿರಲಿಲ್ಲ."

ಮೇಜಿನ ಸುತ್ತ ಎಲ್ಲರೂ ನನ್ನ ಬಾಯಿಂದ ಕತ್ತೆ ಎಂಬ ಪದ ಬರುವುದನ್ನೇ ಕಾಯುತ್ತಿದ್ದರು. ಉಬಾಲ್ದೊ ಕೂಡ ತಲೆ ತಗ್ಗಿಸಿ ಅದನ್ನೇ ಕಾಯುತ್ತಿದ್ದ. ನನ್ನ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆಯೇ ಬೇರೆ.

"ಮೇಷ್ಟ್ರ ತೊಟ್ಟಿಗೂ ಹಾಕಿದ್ಯಾ?"

"ಇಲ್ಲ."

"ಯಾಕೆ ಹಾಕಿಲ್ಲ?"

"ಅವರಿಗ್ಯಾಕೆ ಹಾಕ್ಲಿ?" ಅಂದ, ನನಗೇ ಬುದ್ಧಿಯಿಲ್ಲ ಅನ್ನುವ ಹಾಗೆ. "ಒಂದು ಸತ್ತರೆ ಅವರು ಇನ್ನೊಂದು ಮೀನು ತರ್ತಾರೆ. ನೀನು ಊಟ ಬಿಡ್ತೀಯ."

ನನ್ನ ಬೂಟು ಹೋಯಿತು, ಸಿಗಡಿ ಹೋಯಿತು, ಬೀದಿಯ ಎದುರು ಮಾನವೂ ಹೋಯಿತು. ಆದರೂ ಒಳಗೊಳಗೇ ನನಗೆ ಆದ ಸಂತೋಷವನ್ನು ಹೇಳಿದರೆ ಸೊರೈದಾ ಕೂಡ ನಂಬುವುದಿಲ್ಲ. ಮೇಷ್ಟ್ರ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ಪರವಾಗಿಲ್ಲ ಅಂದರು, ಅದೇ ಮೆತ್ತಗಿನ ದನಿಯಲ್ಲಿ. ಆ ದನಿ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ, ಅದು ಬೇರೆ ಮಾತು.

ಮೀನುಗಳನ್ನು ಕಡಲಿಗೆ ಬಿಟ್ಟೆ. ನೀರು, ಮರಳು ಎಲ್ಲ ಚೆಲ್ಲಿದೆ. ಕಾಸುಗಳನ್ನು ಉಬಾಲ್ದೊ ಲಾಂಚಿನ ಮೇಲಿಂದ ಕೊಲ್ಲಿಗೆ ಹಾಕಿದ, ಸೇರಬೇಕಾದ ಕಡೆಗೆ. ಹೊಸ ನೀರು ತುಂಬಿ ಒಂದು ಚೂರು ಸಿಗಡಿ ಮಾಂಸ ಹಾಕಿದೆ. ಅದು ಕೊಳೆತು ಮನೆಯೆಲ್ಲ ನಾರತೊಡಗಿತು. ಸೊರೈದಾ ಮೂಗು ಮುಚ್ಚಿಕೊಂಡು ತಂಗಿಯ ಮನೆಗೆ ಹೋಗಿ ಕೂತಳು. ಇನ್ನು ತಿಂಗಳಿಡೀ ಈ ಬರೀ ನೀರಿನ ಮುಂದೆ ನಾನೊಬ್ಬನೇ ಎಂದುಕೊಂಡೆ. ಮೇಷ್ಟ್ರ ಮನೆಯ ಕಡೆ ನೋಡಲೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಉಬಾಲ್ದೊ ನಿಂತಿದ್ದ, ಕೈಯಲ್ಲಿ ಸ್ಟೂಲು.

"ಏನಿದೆ ಇದರಲ್ಲಿ?"

"ಏನೂ ಇಲ್ಲ. ಬರೀ ನೀರು. ತಿಂಗಳು ಹೀಗೇ ಇರುತ್ತೆ."

"ಮೇಷ್ಟ್ರ ಮನೇಲಿ ಆ ಹೂವಿನಂಥದ್ದು ಅರಳಿದೆ ಇವತ್ತು."

"ಹೋಗಿ ನೋಡು, ಯಾರು ಬೇಡ ಅಂದ್ರು?"

"ನೋಡಿದ್ದಾಯ್ತು."

ಒಳಗೆ ಬಂದು ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಮೂಗು ಮುಚ್ಚಿಕೊಳ್ಳಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟು ಆ ಖಾಲಿ ನೀರನ್ನು ನೋಡುತ್ತಾ ಕೂತ.

"ಸ್ವಲ್ಪ ಆ ಕಡೆ ಸರಿ," ಅಂದ. "ನಿನ್ನ ತಲೆ ಅಡ್ಡ ಬರ್ತಿದೆ, ನನಗೇನೂ ಕಾಣಿಸ್ತಿಲ್ಲ."

ನಾನು ಸರಿದು ಕೂತೆ.