ಅಡ್ಡಗಾಲುವೆಯ ಅಂಚು

ನೀರಿಗೆ ಕಾಲಿಲ್ಲ; ಆದರೂ ಗುಡ್ಡ ಇಳಿಯುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಆ ಮನೆಯೋ, ತಾಯಿಯ ಸೊಂಟಕ್ಕೆ ಕೂತ ಮಗುವಿನ ಹಾಗೆ ಇಳಿಜಾರಿನ ನಡುವೆ ಅಂಟಿಕೊಂಡಿತ್ತು. ರಸ್ತೆ ಇದ್ದದ್ದು ಮೇಲೆ, ಗುಡ್ಡದ ನೆತ್ತಿಯಲ್ಲಿ. ಅಲ್ಲಿಂದ ಅಂಗಳಕ್ಕೆ ಇಳಿಯಲು ಒಂದು ಮಣ್ಣಿನ ದಾರಿ. ರಸ್ತೆಗೂ ಮನೆಗೂ ನಡುವೆ ಗುಡ್ಡದ ಮೈಗೆ ಅಡ್ಡಲಾಗಿ ತೋಡಿದ ಒಂದು ಕಾಲುವೆ. ಚಳಿಗಾಲದ ಮಳೆಯಲ್ಲಿ ಮೇಲಿನಿಂದ ನುಗ್ಗುವ ನೀರನ್ನೆಲ್ಲ ಹಿಡಿದು, ಮನೆಯನ್ನು ಸುತ್ತಿ ಆಚೆ ಬದಿಯ ಕಲ್ಲುಹಳ್ಳಕ್ಕೆ ಬಿಟ್ಟುಬರುವುದು ಅದರ ಕೆಲಸ. ಅದನ್ನು ತೋಡಿದವನು ಈ ಮನೆಯ ಮಗ, ಸೊಸೆಯ ಗಂಡ.

ಚಳಿ ಶುರುವಾಗುವ ಮುಂಚೆಯೇ ಅವನು ಹೋಗಿಬಿಟ್ಟ. ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ದೇಹ ಕೊಂಡೊಯ್ಯಲು ಬಂದ ವ್ಯಾನು ಕಾಲುವೆಯ ಹತ್ತಿರ ನಿಂತುಬಿಟ್ಟಿತು. ದಿನವೂ ದಾಟಲು ಅಲ್ಲಿ ಇದ್ದದ್ದು ಬರೀ ಹಲಗೆ; ಅಷ್ಟು ಭಾರವನ್ನು ಅದು ತಡೆಯುತ್ತಿರಲಿಲ್ಲ. ನೋಡಲು ಬಂದಿದ್ದ ಜನರೇ ಕಲ್ಲು ಮಣ್ಣು ತಂದು ಸುರಿದು, ತುಳಿದು, ಕಾಲುವೆಯನ್ನು ಅಲ್ಲಿ ಮುಚ್ಚಿದರು. ವ್ಯಾನು ಬಂತು, ಹೋಯಿತು. ಜನರೂ ಹೋದರು. ಮಣ್ಣು ಉಳಿಯಿತು.

ಅದನ್ನು ತೆಗೆಯಬೇಕೆಂದು ಸೊಸೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಮ್ಮೆ ಗುದ್ದಲಿ ಹಿಡಿದು ಹೋಗಿಯೂ ಇದ್ದಳು. "ಮುಟ್ಟಬೇಡ," ಅಂದರು ಅತ್ತೆ. "ನನ್ನ ಮಗ ಅದರ ಮೇಲೆ ಹೋಗಿದ್ದಾನೆ." ಸೊಸೆ ಗುದ್ದಲಿಯನ್ನು ತಂದು ಮೂಲೆಗಿಟ್ಟಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಅವಳಿಗೆ ಸರಿಯೇ. ಕೂತುಕೋ ಎಂದರೆ ಕೂತಳು, ಉಣ್ಣು ಎಂದರೆ ಉಂಡಳು. ಅತ್ತುಬಿಡು ಎಂದರು, ಅದೊಂದು ಮಾತ್ರ ಆಗಲಿಲ್ಲ. ಕಲ್ಲಿನಂಥ ಹೆಂಗಸು ಎಂದು ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. ಕಲ್ಲಿನ ಮೇಲೆ ಬಿದ್ದ ಹಾಗೇ ಬಿತ್ತು.

ಈಗ ಮಳೆ ಹಿಡಿದಿತ್ತು. ಜೋರಿಲ್ಲ, ಬಿಡುವೂ ಇಲ್ಲ, ಗೊಣಗುವ ಮುದುಕನ ಹಾಗೆ.

ಮನೆಯ ಹಿಂದೆ, ಅತ್ತೆಯ ಕೋಣೆಯ ಬೆನ್ನಿಗೇ, ಗುಡ್ಡವನ್ನು ತಡೆದು ನಿಲ್ಲಿಸಿದ ಕಲ್ಲಿನ ಗೋಡೆಯಿತ್ತು. ನೀರು ಬಸಿಯಲೆಂದು ಅದರಲ್ಲಿ ಅಲ್ಲಲ್ಲಿ ತೂತು ಬಿಟ್ಟಿದ್ದರು. ಬೆಳಿಗ್ಗೆ ಕಸ ಚೆಲ್ಲಲು ಹೋದ ಸೊಸೆ ನೋಡಿದಳು: ತೂತುಗಳು ಕೆಂಪಗೆ ಉಗುಳುತ್ತಿದ್ದವು. ತಿಳಿನೀರು ಬಂದರೆ ಚಿಂತೆಯಿಲ್ಲ, ಕೆಸರು ಬಂದರೆ ಗೋಡೆಯ ಹಿಂದಿನ ಮಣ್ಣೇ ಕರಗುತ್ತಿದೆ ಎಂದು ಅರ್ಥ. ಗಂಡ ಹೇಳುತ್ತಿದ್ದ ಮಾತು. ಗೋಡೆಯ ನಡು ಆಗಲೇ ಉಂಡು ಕೂತವನ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿತ್ತು. ಇನ್ನಾರದೋ ಮನೆಯ ಗೋಡೆಯೆಂಬಂತೆ ಅವಳು ಅದನ್ನು ನೋಡುತ್ತ ನಿಂತಳು.

ಅಷ್ಟರಲ್ಲಿ ಕೆಳಗಿನ ಮನೆಯಿಂದ ನಾದಿನಿ ಏರಿ ಬಂದಳು. ಗಂಡನಿಗೆ ಅಕ್ಕ. ಆಳು ಬರುವ ಮುಂಚೆ ದನಿ ಬರುತ್ತಿದ್ದುದರಿಂದ ತಮ್ಮ ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದ.

"ನನ್ನ ಅಂಗಳಕ್ಕೆಲ್ಲ ನಿಮ್ಮ ಮನೆ ಕೆಸರೇ ಬರ್ತಿದೆಯಲ್ಲೇ! ಅಯ್ಯೋ, ಈ ಗೋಡೆ ನೋಡು! ಇವತ್ತೋ ನಾಳೆನೋ ಅಂತಿದೆ, ನೀನು ಕಸದ ಬುಟ್ಟಿ ಹಿಡ್ಕೊಂಡು ನಿಂತಿದ್ದೀಯ?"

"ನೋಡಿದೆ ಅಕ್ಕ."

"ನೀನು ನೋಡಿದ್ರೆ ನಾಚಿಕೊಂಡು ನಿಲ್ಲುತ್ತಾ ಅದು? ಅಮ್ಮ ಎಲ್ಲಿ? ಮೊದಲು ಅವಳನ್ನ ಆ ಕೋಣೆಯಿಂದ ಈಚೆ ಕರೆ."

ಅತ್ತೆ ಕೋಣೆಯಲ್ಲಿರಲಿಲ್ಲ. ಬಾಗಿಲ ಹಿಂದಿನ ಕೊಡೆಯೂ ಇರಲಿಲ್ಲ.

ಮುಚ್ಚಿದ ಕಾಲುವೆಯ ಮೇಲೆ, ಕೊಡೆ ಬಿಚ್ಚಿಕೊಂಡು, ಸಂತೆಯಲ್ಲಿ ಸೊಪ್ಪು ಮಾರುವವರ ಹಾಗೆ ಕೂತಿದ್ದರು ಅತ್ತೆ. ಅವರ ಒಂದು ಬದಿಗೆ ನೀರು ಕೆರೆಯಾಗಿ ನಿಂತಿತ್ತು. ಮುಂದೆ ಹೋಗಲಾಗದೆ ಉಕ್ಕಿ, ಮಣ್ಣಿನ ದಾರಿ ಹಿಡಿದು, ನೇರ ಮನೆಯ ಹಿಂದಕ್ಕೆ ಇಳಿಯುತ್ತಿತ್ತು.

"ಇಲ್ಲೇನಮ್ಮ ಮಾಡ್ತಿದ್ದೀಯ?"

"ನಿನ್ನ ದನಿ ಕೇಳಿಸ್ತು. ಹಿಂದೇನೇ ಗುದ್ದಲಿ ಬರುತ್ತೆ ಅಂತ ಗೊತ್ತಾಯ್ತು."

"ಏಳು ಮೇಲೆ. ಅವನಿದ್ದಿದ್ರೆ ನಿನ್ನ ಕೊಡೆ ಸಮೇತ ಎತ್ತಿ ಆಚೆಗಿಡ್ತಿದ್ದ."

"ಅವನಿದ್ದಿದ್ರೆ ನಾನ್ಯಾಕೆ ಇಲ್ಲಿ ಕೂರ್ತಿದ್ದೆ?"

ಗುಡುಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸೊಸೆ ಹೋಗಿ ಗುದ್ದಲಿ, ಹಾರೆ ತಂದಳು. ನೀರು ನಿಂತ ಬದಿಯಿಂದ ಅಗೆದರೆ ಒಮ್ಮೆಗೇ ನುಗ್ಗಿ ಅಗೆಯುವವರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಕಲ್ಲುಹಳ್ಳದ ಕಡೆಯಿಂದ ಶುರು ಮಾಡಿದಳು. ಗುದ್ದಲಿಯಲ್ಲಿ ಮಣ್ಣೆಳೆದಳು, ಕಲ್ಲನ್ನು ಹಾರೆಯಲ್ಲಿ ಮೀಟಿದಳು. ನಾದಿನಿ ಬುಟ್ಟಿಯಲ್ಲಿ ತುಂಬಿ ತುಂಬಿ ಬದಿಗೆ ಸುರಿದಳು. ಚಳಿಗೆ ಬೆರಳು ಮರಗಟ್ಟಿದವು. ಮಿಕ್ಕದ್ದೆಲ್ಲ ಮೊದಲೇ ಮರಗಟ್ಟಿತ್ತು. ಅಗೆಯುತ್ತ ಅಗೆಯುತ್ತ ಅತ್ತೆಯ ಪಾದದವರೆಗೆ ಬಂದಳು. ಇನ್ನು ಉಳಿದದ್ದು ಅವರು ಕೂತಷ್ಟೇ ಜಾಗ, ಅದರಾಚೆಗೆ ನೀರು.

"ಅತ್ತೆ, ಏಳಿ. ನಿಮ್ಮ ಕೋಣೆ ಉಳಿಯಲ್ಲ."

"ಹೋಗಲಿ ಬಿಡು. ಆ ಕೋಣೆ ಇಟ್ಕೊಂಡು ನಾನೇನು ಮಾಡ್ಲಿ?"

"ವ್ಯಾನಿನ ಚಕ್ರದ ಗುರುತೂ ಅಳಿಸಿಹೋಗಿದೆ. ನೋಡಿ, ಬರೀ ಕೆಸರು."

"ನನಗೆ ಕಾಣ್ತಿದೆ." ಅತ್ತೆ ಕೊಡೆಯ ಹಿಡಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ದನಿ ತಗ್ಗಿತು. "ಹೋದ ದಾರೀಲೇ ಅಲ್ವೇನೆ ಬರೋದು? ಇದನ್ನೂ ಕಿತ್ತುಹಾಕಿದ್ರೆ ಅವನು ಹೇಗೆ ಬರ್ತಾನೆ?"

ನಾದಿನಿ ಮುಖ ಆಚೆ ತಿರುಗಿಸಿದಳು. ಸೊಸೆ ಗುದ್ದಲಿಯ ಮೇಲೆ ಭಾರ ಬಿಟ್ಟು ನಿಂತಳು. ಹೋದವರು ಬರುವುದಿಲ್ಲ ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದೇ ಬೇರೆ.

"ಅವರು ಯಾವತ್ತು ಈ ದಾರೀಲಿ ಬಂದಿದ್ದಾರೆ ಅತ್ತೆ? ಕಾಲುವೆ ಅಂಚಲ್ಲೇ ನಡ್ಕೊಂಡು ಬರ್ತಿದ್ರಲ್ವಾ? ಗುದ್ದಲಿ ಹೆಗಲ ಮೇಲಿಟ್ಕೊಂಡು, ಅಲ್ಲೊಂದು ಇಲ್ಲೊಂದು ಎಲೆಕಸ ಎಳೆದುಹಾಕ್ತಾ."

ಅತ್ತೆ ಅವಳ ಮುಖವನ್ನೇ ನೋಡಿದರು.

"ಹೌದಲ್ಲ," ಅಂದರು. "ದಾರಿ ಬಿಟ್ಟು ಅಂಚಲ್ಲೇ ಬರ್ತಿದ್ದ. ಚಪ್ಪಲಿಗೆಲ್ಲ ಕೆಸರು ಮೆತ್ತಿಸ್ಕೊಂಡು ಬಂದು ನನ್ನ ಹತ್ರ ಬೈಸ್ಕೊಳ್ತಿದ್ದ."

ಕೈ ಚಾಚಿದರು. ಸೊಸೆ ಹಿಡಿದೆಬ್ಬಿಸಿದಳು. ಮಂಡಿ ಸೆಟೆದಿದ್ದವು, "ಅಯ್ಯಪ್ಪಾ" ಎನ್ನುತ್ತ ಬದಿಗೆ ಸರಿದು ನಿಂತರು.

ಕೊನೆಯ ಮಣ್ಣಿಗೆ ಗುದ್ದಲಿ ಬಿದ್ದದ್ದೇ ತಡ, ನೀರು ತಾನೇ ದಾರಿ ಮಾಡಿಕೊಂಡಿತು. ಬೆರಳಷ್ಟು ಸಂದಿ ಮೊಣಕೈಯಷ್ಟಾಯಿತು, ಬಾಗಿಲಷ್ಟಾಯಿತು. ಕೆಂಪು ನೀರು ಕಲ್ಲುಗಳನ್ನು ಉರುಳಿಸಿಕೊಂಡು ಹಳ್ಳದ ಕಡೆಗೆ ಧುಮುಕಿತು. ಮಣ್ಣಿನ ದಾರಿಯ ಮೇಲಿನ ಹರಿವು ಸಣ್ಣಗಾಗಿ, ಎಳೆಯಾಗಿ, ನಿಂತಿತು. ನಾದಿನಿ ಓಡಿಹೋಗಿ ಗೋಡೆ ನೋಡಿ, ಅಲ್ಲಿಂದಲೇ ಕೂಗಿದಳು: "ಗೋಡೆ ನಿಂತಿದೆ ಕಣ್ರೇ! ಹೊಟ್ಟೆ ಕರಗಿಲ್ಲ, ಆದ್ರೆ ನಿಂತಿದೆ! ಮನೆಯವರನ್ನ ಕರ್ಕೊಂಡು ಬರ್ತೀನಿ, ಮರದ ಆಸರೆ ಕೊಡೋಣ!" ಅವಳ ದನಿ ಅವಳಿಗಿಂತ ಮುಂಚೆ ಗುಡ್ಡ ಇಳಿಯಿತು.

ಮನೆ ಉಳಿಯಿತು. ಸಂತೋಷವಾಗಬೇಕಿತ್ತು. ಸೊಸೆ ತನ್ನೊಳಗೆ ಕೈಹಾಕಿ ತಡಕಿದಳು. ಖಾಲಿ ಡಬ್ಬಿಯಲ್ಲಿ ತಡಕಿದ ಹಾಗಾಯಿತು. ತಾನು ಅತ್ತೆಗೆ ಹೇಳಿದ ಮಾತು ಅವರನ್ನು ಎಬ್ಬಿಸಲು ಹೂಡಿದ ಉಪಾಯವೋ, ನಿಜವಾಗಿಯೂ ನೆನಪಾದದ್ದೋ, ಅದೂ ತಿಳಿಯಲಿಲ್ಲ.

"ಬನ್ನಿ ಅತ್ತೆ, ನೆನೀತಿದ್ದೀರಿ. ಇವತ್ತಿಂದ ನನ್ನ ಕೋಣೇಲೇ ಮಲಗಿ."

ಅತ್ತೆ ಅಲುಗಲಿಲ್ಲ. ಕಾಲುವೆಯ ಅಂಚಿಗೆ ಬಂದು ನಿಂತಿದ್ದರು. ಅಂಚು ಗುಡ್ಡದ ಮೈ ಬಳಸಿ ಮಂಜಿನಲ್ಲಿ ಮರೆಯಾಗುವ ತಿರುವಿನ ಕಡೆಗೇ ಅವರ ಕಣ್ಣು.

"ನೀನು ಹೋಗು," ಅಂದರು. "ಕೆಲಸ ಮುಗಿಸ್ಕೊಂಡು ಬರೋ ಹೊತ್ತು ಅವನು."

ಸೊಸೆ ಗುದ್ದಲಿಯನ್ನು ಕೆಳಗಿಟ್ಟಳು. ಅತ್ತೆಯ ಕೈಯಿಂದ ಕೊಡೆ ತೆಗೆದುಕೊಂಡು ಇಬ್ಬರ ಮೇಲೂ ಬರುವಂತೆ ಹಿಡಿದಳು. ತಾನೂ ಆ ತಿರುವಿನ ಕಡೆಗೆ ನೋಡುತ್ತ ಅಲ್ಲೇ ನಿಂತಳು.