ತಾಯಣ್ಣ ತಪ್ಪಿದ ತಾಳ

ಎಂಬತ್ತಾರನೆಯ ಇಸವಿ, ಒಂದು ಭಾನುವಾರ ಮುಂಜಾನೆ. ಮಾನ್ವಿಯಲ್ಲಿ ತಬಲಾದ ತಾಯಣ್ಣನ ಶ್ರದ್ಧಾಂಜಲಿ ಸಭೆ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ವೆಂಕೋಬ ಮೊದಲ ಸಾಲಿನಲ್ಲಿ ಕುಳಿತು ಒಂದೇ ಮಾತನ್ನು ಬಾಯಲ್ಲಿ ಹೊರಳಾಡಿಸುತ್ತಿದ್ದ. ಇವತ್ತು ಹೇಳಿಬಿಡಬೇಕು. ತಾಯಣ್ಣನ ಹೆಂಡತಿ ಗೋಪಮ್ಮನ ಎದುರಿಗೇ ಹೇಳಿಬಿಡಬೇಕು.

"ತಾಯಣ್ಣನ ಕಿವಿ ಅಂದ್ರ ಕಿವಿರೀ! ಸೂಜಿ ಬಿದ್ರೂ ಯಾವ ಸ್ವರ ಅಂತ ಹೇಳತಿದ್ದ," ಎಂದು ಭಾಷಣಕಾರರೊಬ್ಬರು ಕೈಯೆತ್ತಿ ಸಾರಿದರು.

ವೆಂಕೋಬ ನೆಲ ನೋಡಿದ. ಆ ಕಿವಿ ಎಪ್ಪತ್ನಾಲ್ಕರಲ್ಲೇ ಹೋಗಿತ್ತು. ನಾಟಕ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ತಬಲಾ ಬಾರಿಸಿದವನು ಕೊನೆಯ ಐದು ವರ್ಷ ಏನೂ ಕೇಳಿಸದೆಯೇ ಬಾರಿಸಿದ್ದ. ಕಂಪನಿಯಲ್ಲಿ ಗುಟ್ಟು ಗೊತ್ತಿದ್ದದ್ದು ವೆಂಕೋಬನೊಬ್ಬನಿಗೆ. ಕಾಲಪೇಟಿ ತುಳಿಯುತ್ತ ಅವನು ಕತ್ತು ಆಡಿಸಿದಂತೆ ತಾಯಣ್ಣನ ಬೆರಳು ಆಡುತ್ತಿದ್ದವು. ತಾಯಣ್ಣ ಮಾಸ್ತರನನ್ನು ನೋಡಿದಷ್ಟು ಹೆಂಡತಿಯ ಮುಖವನ್ನೂ ನೋಡಿರಲಿಕ್ಕಿಲ್ಲ ಎಂದು ಕಂಪನಿಯವರು ನಗುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ದೇವದುರ್ಗದ ಕ್ಯಾಂಪು. ಊರವರು ತಾಯಣ್ಣನೊಬ್ಬನಿಗೇ ಶಾಲು ಹೊದಿಸಿದರು. ಪಕ್ಕದ ಪೇಟಿ ಯಾರ ಕಣ್ಣಿಗೂ ಬೀಳಲಿಲ್ಲ. ಅಂದಿನ ಆಟದಲ್ಲಿ ರಾಣಿ ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅಳುವಾಗ ವೆಂಕೋಬ ಬೇಕೆಂದೇ ಕತ್ತನ್ನು ಮದುವೆ ಮೆರವಣಿಗೆಯ ಲಯಕ್ಕೆ ಕುಣಿಸಿದ. ತಾಯಣ್ಣ ನಂಬಿ ಬಾರಿಸಿದ. ಮೊದಲು ಸತ್ತ ಮಗನೇ ನಕ್ಕ, ಆಮೇಲೆ ರಾಣಿ, ಆಮೇಲೆ ಇಡೀ ಟೆಂಟು.

ಮರುದಿನವೇ ಮಾಲೀಕ ತಾಯಣ್ಣನನ್ನು ಬಿಡಿಸಿ ಕಳಿಸಿದ. ರಾಯಚೂರಿನ ಹತ್ತಿ ಜಿನ್ನಿನಲ್ಲಿ ಅವನಿಗೆ ಕೂಲಿ ಸಿಕ್ಕಿತು. ಯಂತ್ರದ ಸದ್ದಿಗೆ ಅಲ್ಲಿ ಕಿವಿ ಇದ್ದವರೂ ಕಿವುಡರೇ. ವೆಂಕೋಬನಿಗೆ ಸಿಕ್ಕಿದ್ದು ಹೊಸ ಮಿಮಿಕ್ರಿ ಐಟಂ. ಅಳುವ ರಾಣಿ, ನಗುವ ಹೆಣ, ಬೆಪ್ಪಾದ ತಾಯಣ್ಣ, ಮೂವರನ್ನೂ ಒಂದೇ ಬಾಯಲ್ಲಿ ಮಾಡಿ ಏಳು ವರ್ಷ ಮಂದಿಯನ್ನು ನಗಿಸಿದ್ದ.

ಸಭೆ ನಡೆಸುತ್ತಿದ್ದ ಜಿಲಾನಿ ಪಾಷಾ ವೆಂಕೋಬನ ಕಿವಿಯಲ್ಲಿ ಉಸುರಿದ: "ಮಾಸ್ತರ್, ಬರ್ರಿ. ಆ ದೇವದುರ್ಗದ್ದೊಂದು ಮಾಡಿಬಿಡ್ರಿ. ಮಂದಿಗೆ ಬ್ಯಾಸರ ಆಗೇದ."

ವೆಂಕೋಬ ಮೈಕು ಹಿಡಿದ. "ಆವತ್ತಿನ ತಪ್ಪು ತಾಯಣ್ಣಂದಲ್ಲರೀ. ಅಂವಗ ಕಿವಿ ಕೇಳತಿದ್ದಿಲ್ಲ. ನನ್ನ ನೋಡಿ ಬಾರಸತಿದ್ದ. ನಾನ ಬೇಕಂತ ತಪ್ಪಿಸೀನಿ."

ಹಿಂದಿನ ಸಾಲಿನಿಂದ ದನಿ ಬಂತು: "ಏನ್ ಕಲಾಕಾರಲೇ ಇಂವ! ಕಣ್ಣಾಗ ನೀರು ಸೈತ ತಂದಾನ!" ಚಪ್ಪಾಳೆ ಬಿತ್ತು.

"ಚ್ಯಾಷ್ಟಿ ಅಲ್ಲರೀ, ಖರೇನ!" ಎಂದು ವೆಂಕೋಬ ಕೂಗಿದ. ನಗು ಇಮ್ಮಡಿಯಾಯಿತು.

ಅವನು ಕೆಳಗಿಳಿದು ಗೋಪಮ್ಮನ ಮುಂದೆ ನಿಂತ. "ಯಕ್ಕಾ, ನೀವರ ನಂಬ್ರಿ."

"ನಂಬೂದೇನದರೀ ಮಾಸ್ತರ? ಅವರಿಗೆ ಆವತ್ತೇ ಗೊತ್ತಿತ್ತು. ಹೊಟ್ಟಿ ಉರಿ ತಣ್ಣಗಾದ್ರ ಬರತಾನ, ಬಂದ್ರ ಚಾ ಕುಡಿಸು ಅಂತಿದ್ರು." ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. "ಏಳು ವರ್ಷ ಬಾಗಲಾ ನೋಡಿದ್ರು. ನಿಮಗ ಇವತ್ತು ಪುರಸೊತ್ತಾತೇನ್ರಿ? ಅದೂ ಮೈಕ್ ಮುಂದ?"

ವೆಂಕೋಬ ಏನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ನಿಂತವರು, ಇನ್ನೊಂದು ಐಟಂ ಬಂತೆಂದು, ಆಗಲೇ ಹಲ್ಲು ಬಿಟ್ಟಿದ್ದರು.