ಬಗೆಹರಿದ ಬೀರು

ಅಜ್ಜಿ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯೊಳಗೆ ಇರುತ್ತದಂತೆ. ನಗರಸಭೆಯ ದೂರು ವಿಭಾಗದ ಗುಮಾಸ್ತೆಯ ಪ್ರಾಣ ಅಷ್ಟು ದೂರ ಹೋಗಿರಲಿಲ್ಲ. ಅವಳ ಮೇಜಿನ ಮೇಲೇ, ಒಂದು ಹಳದಿ ಚೀಟಿಯೊಳಗೆ ಮುದುರಿಕೊಂಡು ಕೂತಿತ್ತು.

ಶನಿವಾರ ಸಂಜೆಯೊಳಗೆ ಕಸದ ದೂರುಗಳೆಲ್ಲ ಮುಗಿದರೆ ಅವಳ ಕೆಲಸ ಖಾಯಂ. ಒಂದೇ ಒಂದು ಉಳಿದರೂ ಇನ್ನೊಂದು ವರ್ಷ ತಾತ್ಕಾಲಿಕವೇ ಎಂದು ಸಾಹೇಬರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಉಳಿದದ್ದೂ ಆ ಹಳದಿ ಚೀಟಿ ಒಂದೇ. ಕೊಟ್ಟವಳು ಅವಳ ಹೆತ್ತ ತಾಯಿ.

ಶುಕ್ರವಾರ ಮಧ್ಯಾಹ್ನ ತಾಯಿ ಕೌಂಟರಿಗೆ ಬಂದಳು. ಮುಂದೆ ಯಾರೂ ಇಲ್ಲದಿದ್ದರೂ ಸಾಲಿನಲ್ಲಿ ನಿಂತೇ ಬಂದಳು.

"ನಮಸ್ಕಾರ ಮೇಡಂ. ನನ್ನ ದೂರು ಏನಾಯ್ತು?"

"ಅಮ್ಮಾ, ಬೆಳಿಗ್ಗೆ ನನ್ನ ಜಡೆ ಹೆಣೆದವಳು ನೀನೇ ಅಲ್ವಾ? ಆಗ ಕೇಳೋಕೇನಾಗಿತ್ತು?"

"ಜಡೆ ಮನೆ ವಿಷಯ, ಕಸ ಆಫೀಸಿನ ವಿಷಯ. ಎರಡನ್ನೂ ಕಲಸಬಾರದು ಮೇಡಂ. ಕಸದ ಗಾಡಿ ಓಣಿ ಬಾಯಲ್ಲೇ ನಿಂತು ಎರಡು ಸಲ ಹಾರನ್ ಹೊಡೆದು ಓಡಿಹೋಗುತ್ತೆ. ಮೂರು ಮಹಡಿ ಇಳಿಯೋಷ್ಟರಲ್ಲಿ ಹೊಗೆ ಮಾತ್ರ ಉಳಿದಿರುತ್ತೆ. ಆ ಹೊಗೇನ ಬಕೆಟ್ಟಲ್ಲಿ ತುಂಬ್ಕೊಂಡು ಮೇಲೆ ಹತ್ತಲಾ?"

"'ಬಗೆಹರಿದಿದೆ' ಅಂತ ಒಂದು ಸಹಿ ಹಾಕಮ್ಮ. ನನ್ನ ಕೆಲಸದ ಪ್ರಶ್ನೆ."

"ಬಗೆಹರಿದ ದಿನ ಹಾಕ್ತೀನಿ. ಸುಳ್ಳಿಗೆಲ್ಲ ಬೀಳೋಕೆ ನನ್ನ ಕೈ ಏನು ನಿಮ್ಮ ಆಫೀಸಿನ ಮೊಹರಾ?"

ಪಕ್ಕದ ಮೇಜಿನ ಟೈಪಿಸ್ಟು ನಗು ತಡೆಯಲಾರದೆ ಫೈಲಿನೊಳಗೆ ಮುಖ ಹುದುಗಿಸಿದ.

ಶನಿವಾರ ಬೆಳಿಗ್ಗೆ ಗುಮಾಸ್ತೆ ಓಣಿಯ ಬಾಯಲ್ಲಿ ಕಾವಲು ನಿಂತಳು. ಗಾಡಿ ಬಂತು. ಊರೆಲ್ಲ ಹಾರನ್ ಮಾವ ಎಂದು ಕರೆಯುವ ಚಾಲಕ ಒಮ್ಮೆ ಒತ್ತಿ, ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಇವಳು ಅಡ್ಡ ಬಂದಳು.

"ಇನ್ನು ನಾಲ್ಕು ಮಾರು ಒಳಗೆ ಬಂದ್ರೆ ಚಕ್ರ ಸವೆಯುತ್ತಾ ಮಾವ?"

"ಗಾಡಿಗೆ ರೆಕ್ಕೆ ಕಟ್ಟಿಸ್ಕೊಡಿ, ಬರ್ತೀನಿ. ಆ ಬೀರು ಕಾಣಿಸ್ತಾ ಇಲ್ವಾ ನಿಮಗೆ?"

ಕಾಣದೇನು! ಓಣಿಯ ನಡುವೆ ಒಂದು ಬಾಗಿಲು ಕಳಚಿ ನಿಂತಿದ್ದ ಅಜ್ಜಿ ಕಾಲದ ಬೀರು. ಮೂರು ವಾರದಿಂದ ದಿನಾ ಅದರ ಪಕ್ಕದಲ್ಲೇ ಅಡ್ಡಡ್ಡ ನುಸುಳಿ ಹೋಗುತ್ತಿದ್ದಳು. ಅದರ ಕನ್ನಡಿಯಲ್ಲಿ ಮುಂಗುರುಳು ತಿದ್ದಿ, ಅರೆಗಳಿಗೆ ರಾಜಕುಮಾರಿಯಾಗಿ, ಆಮೇಲೆ ಆಫೀಸು ಸೇರುತ್ತಿದ್ದಳು.

"ಕಂಡಿದ್ರೆ ಎತ್ಕೊಂಡು ಹೋಗಬಾರದಿತ್ತಾ?"

"ಎತ್ತೋಣ ಅಂತ ಆಫೀಸಿಗೇ ಹೋಗಿ ಕೇಳಿದೆ. ಬೀರು ಎತ್ತಿಸಿ ಅಂತ ನಿಮ್ಮಮ್ಮ ಮೊದಲು ಕೊಟ್ಟಿದ್ದ ಚೀಟಿ ಮೇಲೆ 'ಬಗೆಹರಿದಿದೆ' ಅಂತ ಮೊಹರು ಬಿದ್ದಿತ್ತು. ಬಗೆಹರಿದುಹೋದ ಬೀರನ್ನ ನಾನು ಹೇಗೆ ಎತ್ಲಿ? ರೂಲ್ಸ್ ಇಲ್ಲ ಮೇಡಂ."

ಮೊಹರು ಒತ್ತಿದ ಕೈ ಯಾರದೆಂದು ಅವಳು ಕೇಳಲಿಲ್ಲ. 'ಅಮ್ಮನ ದೂರೇ ತಾನೆ, ಆಮೇಲೆ ನೋಡಿದರಾಯಿತು' ಎಂದುಕೊಂಡು ಠಪ್ಪೆಂದು ಒತ್ತಿದ ಸದ್ದು ಈಗ ಕಿವಿಯಲ್ಲಿ ಮೊಳಗುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

"ತಪ್ಪು ನಂದೇ ಮಾವ. ಚೀಟಿ ತಿದ್ದೋದು ಆಮೇಲೆ. ಮೊದಲು ಆ ತುದಿ ಹಿಡೀರಿ," ಎಂದು ತೋಳೇರಿಸಿದಳು.

ಬೀರು ಎದ್ದಿತು, ಗೋಡೆಗೆ ತಗುಲಿತು, ಮುಷ್ಕರ ಹೂಡಿದಂತೆ ಅಲ್ಲೇ ಕೂತಿತು. ಮೂರನೇ ಮಹಡಿಯ ಕಿಟಕಿಯಿಂದ ಅಪ್ಪಣೆ ಇಳಿಯಿತು: "ಎಡಕ್ಕೆ ಮೇಡಂ, ಎಡಕ್ಕೆ! ಕನ್ನಡಿ ಜೋಪಾನ!"

"ಎಸೆಯೋ ಬೀರಿಗೆ ಜೋಪಾನ ಯಾಕಮ್ಮಾ?"

"ಚೂರು ಬಿದ್ರೆ ಗುಡಿಸಿ ಅಂತ ಇನ್ನೊಂದು ದೂರು ಬರೀಬೇಕಾಗುತ್ತೆ!"

ಅಂತೂ ಬೀರು ಗಾಡಿ ಹತ್ತಿತು. ಗಾಡಿ ಓಣಿ ಹೊಕ್ಕು ಮನೆ ಬಾಗಿಲಿಗೇ ಬಂತು. ತಾಯಿ ಬಕೆಟ್ ಹಿಡಿದು ಪಟ್ಟದರಾಣಿಯ ಹಾಗೆ ನಿಧಾನವಾಗಿ ಇಳಿದು ಬಂದಳು. ಕಸ ಸುರಿದಳು, ಕೈ ಒರೆಸಿಕೊಂಡಳು, ಹಳದಿ ಚೀಟಿಗೆ ಗುಂಡಗೆ ಸಹಿ ಹಾಕಿದಳು. ಗುಮಾಸ್ತೆಗೆ ಹೋದ ಜೀವ ಬಂದಂತಾಯಿತು.

ಆಗ ತಾಯಿ ಮಡಚಿದ್ದ ಇನ್ನೊಂದು ಕಾಗದ ಚಾಚಿದಳು. 'ದೂರು ವಿಭಾಗದ ಗುಮಾಸ್ತೆ ಕಣ್ಣಾರೆ ನೋಡದೆ ಮೊಹರು ಒತ್ತುತ್ತಾಳೆ' ಎಂದು ಶುರುವಾಗಿತ್ತು.

"ಅಮ್ಮಾ! ಸಂಜೆಯೊಳಗೆ ಒಂದೂ ಉಳಿಯಬಾರದು ಅಂತ ಗೊತ್ತಲ್ವಾ ನಿಂಗೆ?"

"ತಾರೀಖು ನೋಡಿ ಮೇಡಂ."

ನಾಡಿದ್ದಿನ ಸೋಮವಾರದ್ದಿತ್ತು.

"ತಾತ್ಕಾಲಿಕದವರ ಮೇಲೆ ದೂರು ಕೊಟ್ಟು ಏನು ಪ್ರಯೋಜನ? ಖಾಯಂ ಆಗ್ಲಿ, ಆಮೇಲೆ ವಿಚಾರಿಸ್ಕೋತೀನಿ," ಎಂದ ತಾಯಿ ಬಕೆಟ್ ಕೆಳಗಿಟ್ಟು ಮಗಳ ಭುಜ ಹಿಡಿದು ತಿರುಗಿಸಿದಳು. "ನಿಲ್ಲು ಪುಟ್ಟೀ, ಜಡೆ ಬಿಚ್ಚಿಹೋಗಿದೆ. ಈ ಅವತಾರದಲ್ಲಿ ಸಾಹೇಬರ ಮುಂದೆ ಹೋಗ್ತೀಯಾ?"